ಸಾಲಿನಲ್ಲಿ ಕೂತವರ ಹೆಸರು

ಬನಹಟ್ಟಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ಗ್ರೂಪ್ ಫೋಟೊ ತೂಗುತ್ತಿದೆ. ಗಾಜಿನೊಳಗೆ ತೇವ ಇಳಿದು ಒಂದು ಮೂಲೆ ಕಂದಿಹೋಗಿದೆ. ನಟ್ಟನಡುವೆ ಕುರ್ಚಿಯಲ್ಲಿ ಮುತ್ಯಾ, ತಲೆಗೆ ರುಮಾಲು, ಎರಡೂ ಅಂಗೈ ಮೊಣಕಾಲಿನ ಮೇಲೆ. ಪಕ್ಕದ ಕುರ್ಚಿಯಲ್ಲಿ ಆಯಿ, ಸೆರಗು ಹಣೆಯವರೆಗೆ. ಹಿಂದೆ ಗಂಡುಮಕ್ಕಳು ನಿಂತಿದ್ದಾರೆ, ಮುಂದೆ ಜಮಖಾನೆಯ ಮೇಲೆ ಮೊಮ್ಮಕ್ಕಳು. ಬೆನ್ನ ಹಿಂದಿನ ಪರದೆಯಲ್ಲಿ ಬಣ್ಣದ ಕಂಬ, ಬಳ್ಳಿ, ಕೊಳ. ಅಂಥ ತೋಟ ನಮ್ಮ ಓಣಿಯಲ್ಲಿ ಯಾರೂ ಕಂಡದ್ದಿಲ್ಲ. ಫೋಟೊದಲ್ಲಿ ಯಾವ ವೇಷವೂ ಇಲ್ಲದೆ ಉಳಿದದ್ದು ಮುತ್ಯಾನ ಪಾದ. ಚಪ್ಪಲಿ ಬಿಟ್ಟು ಕೂತಿದ್ದರಿಂದ ಬೆರಳು ಕಾಣುತ್ತವೆ. ಹೆಬ್ಬೆರಳು ಉಳಿದ ನಾಲ್ಕರಿಂದ ದೂರ ಸರಿದು ಬೇರೆಯೇ ದಿಕ್ಕು ಹಿಡಿದಿದೆ. ಜೀವಮಾನವೆಲ್ಲ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಹಲಗೆ ತುಳಿದವರ ಪಾದ ಅದು.

ಇನ್ನೊಂದು ಫೋಟೊ ನನ್ನ ಫೋನಿನಲ್ಲಿದೆ. ಒಂದು ವೃದ್ಧಾಶ್ರಮದಲ್ಲಿ ಹಣ್ಣು-ಹಂಪಲು ಹಂಚಿದಾಗ ತೆಗೆದದ್ದು, ಯಾರೋ ಕಳಿಸಿದರು. ಮಂಚದ ತುದಿಯಲ್ಲಿ ಒಬ್ಬ ಮುದುಕಿ ಕೂತಿದ್ದಾಳೆ. ಅವಳ ಸುತ್ತ ಏಳು ಜನ ನಿಂತಿದ್ದಾರೆ. ಬಾಳೆಹಣ್ಣಿನ ಒಂದು ಚೀಲಕ್ಕೆ ಏಳು ಕೈ ತಾಗಿವೆ, ಎಂಟನೆಯದು ಅವಳದು. ಏಳು ಜನವೂ ಕ್ಯಾಮೆರಾ ನೋಡುತ್ತಿದ್ದಾರೆ. ಅವಳೊಬ್ಬಳು ಚೀಲದ ಕಡೆ ನೋಡುತ್ತಿದ್ದಾಳೆ. ಕೆಳಗೆ ಏಳು ಜನರ ಹೆಸರಿದೆ, ಅವರ ಹುದ್ದೆಯೂ ಇದೆ. ಅವಳ ಹೆಸರಿಲ್ಲ.

ಈ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನಮ್ಮವರು ಕೂಡಲೇ ಒಂದು ತೀರ್ಪು ಕೊಡುತ್ತಾರೆ: ಆಗಿನ ಮಕ್ಕಳು ಹಿರಿಯರನ್ನು ಕುರ್ಚಿಯಲ್ಲಿ ಕೂಡಿಸಿದರು, ಈಗಿನವರು ಆಶ್ರಮಕ್ಕೆ ತಳ್ಳಿದರು. ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ದಾನದ ಮನೆಗಳ, ಗಂಜಿಮನೆಗಳ ಹಳೆಯ ಚಿತ್ರಗಳನ್ನು ನೋಡುತ್ತ ಹೋದಂತೆ ಆ ನಂಬಿಕೆ ಸಡಿಲಾಯಿತು. ಮಕ್ಕಳ ಪ್ರೀತಿ ಎಷ್ಟಿತ್ತು ಎಂದು ಅಳೆಯುವ ಶಕ್ತಿ ಆ ಚಿತ್ರಗಳಿಗಿಲ್ಲ. ದುಡಿದ ಮೈ ದುಡಿಯಲಾರದೆ ನಿಂತ ದಿನ ಕೈಯಲ್ಲಿ ಏನು ಉಳಿದಿತ್ತು ಎಂಬುದನ್ನು ಮಾತ್ರ ಅವು ಬಹಳ ಚೆನ್ನಾಗಿ ಹೇಳುತ್ತವೆ.

ಲಂಡನ್ನಿನ ಸೇಂಟ್ ಮೇರಿಲ್‌ಬೋನ್ ವರ್ಕ್‌ಹೌಸ್ ಎಂಬ ನಿರ್ಗತಿಕರ ಆಶ್ರಯದ ಊಟದ ಮನೆಯ ಫೋಟೊ ಒಂದಿದೆ, 1900ರ ಸುಮಾರಿನದು. ಇಂಗ್ಲೆಂಡಿನ ಬಡವರ ಚರಿತ್ರೆ ಬರೆದವರು ಅದನ್ನು ಮತ್ತೆ ಮತ್ತೆ ಅಚ್ಚುಹಾಕಿದ್ದಾರೆ. ದೊಡ್ಡ ಸಭಾಂಗಣ. ಉದ್ದಕ್ಕೂ ಕಿರಿದಾದ ಮೇಜುಗಳ ಸಾಲು. ಒಂದೇ ಬಗೆಯ ಕೋಟು ತೊಟ್ಟ ಗಂಡಸರು, ಹೆಚ್ಚಿನವರು ವಯಸ್ಸಾದವರು. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತಿದ್ದಾರೆ. ಊಟ ಮಾಡುವವನಿಗೆ ಕಾಣುವುದು ಮುಂದಿನವನ ಬೆನ್ನು. ನಮ್ಮ ಕಡೆ ಮಠದ ದಾಸೋಹದಲ್ಲೂ ಸಾಲಿನಲ್ಲೇ ಕೂಡುತ್ತೇವೆ, ಆದರೆ ಪಂಕ್ತಿಗೆ ಎದುರು ಇನ್ನೊಂದು ಪಂಕ್ತಿ ಇರುತ್ತದೆ. ಬಡಿಸುವವನು ನಡುವೆ ಓಡಾಡುತ್ತಾನೆ, ಎದುರಿನವನು ಇನ್ನೊಂದಿಷ್ಟು ಹುಗ್ಗಿ ಹಾಕಿಸಿಕೊಂಡದ್ದು ನಮಗೆ ಕಾಣುತ್ತದೆ, ಮಾತು ಹೊರಡುತ್ತದೆ. ಕೂಡುವ ರೀತಿ ಸಣ್ಣ ಸಂಗತಿಯಂತೆ ಕಾಣಬಹುದು. ಆ ಫೋಟೊ ನೋಡಿದ ಮೇಲೆ ನನಗೆ ಅದು ಸಣ್ಣದೆನಿಸಲಿಲ್ಲ.

ಇಂಗ್ಲೆಂಡಿನ ಆ ಮನೆಗಳು ಹಾಗಿದ್ದದ್ದು ಆಕಸ್ಮಿಕವೂ ಅಲ್ಲ. 1834ರ ಬಡವರ ಕಾನೂನು ಒಳಗಿನ ಬದುಕು ಹೊರಗಿನ ಕಡುಬಡವನ ಬದುಕಿಗಿಂತಲೂ ಕಠಿಣವಾಗಿರಬೇಕು ಎಂಬ ತತ್ವದ ಮೇಲೆ ನಡೆಯಿತು. ಸೋಮಾರಿಗಳು ಬಂದು ಸೇರಬಾರದೆಂಬುದು ಕಾರಣ. ಒಳಗೆ ಹೋದ ಗಂಡ-ಹೆಂಡತಿಯನ್ನು ಬೇರೆ ಬೇರೆ ವಿಭಾಗಕ್ಕೆ ಕಳಿಸುತ್ತಿದ್ದರು. ಅರವತ್ತು ದಾಟಿದ ದಂಪತಿಗಳು ಒಂದೇ ಕೋಣೆ ಕೇಳಬಹುದೆಂಬ ಅನುಮತಿ ಸಿಕ್ಕಿದ್ದು 1847ರಲ್ಲಿ. ಸೋಮಾರಿಗಳನ್ನು ಹೆದರಿಸಲು ಕಟ್ಟಿದ ಗೋಡೆಯೊಳಗೆ ಕೊನೆಗೆ ಉಳಿದವರು ಮುದುಕರು, ರೋಗಿಗಳು, ಮಕ್ಕಳು. ಫೋಟೊದ ಆ ಗಂಡಸರಲ್ಲಿ ಎಷ್ಟೋ ಜನ ಅರ್ಧ ಶತಮಾನ ಹಡಗುಕಟ್ಟೆಯಲ್ಲೋ ಇಟ್ಟಿಗೆ ಭಟ್ಟಿಯಲ್ಲೋ ದುಡಿದವರಿರಬೇಕು. ಅವರ ಕೈಗಳೂ ಮುತ್ಯಾನ ಪಾದದಂತೆಯೇ ಇದ್ದಾವು.

ಇನ್ನು ನಮ್ಮ ಕಡೆಯ ಮಾತು. ಇಂದು ಒಂದೇ ಉಪವಿಭಾಗದಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಒಂದು ಕಾಲಕ್ಕೆ ಬೇರೆ ಬೇರೆ ಆಡಳಿತದಲ್ಲಿದ್ದವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಪಕ್ಕದ ರಬಕವಿ ಸಾಂಗ್ಲಿಯದು. ಬೀಳಗಿ ನೇರ ಬ್ರಿಟಿಷರ ಕಲಾದಗಿ ಜಿಲ್ಲೆಗೆ ಸೇರಿತ್ತು. ಗಡಿಗಳು ಎಷ್ಟೇ ಇರಲಿ, ಬರಕ್ಕೆ ಗಡಿ ಇರಲಿಲ್ಲ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಈ ಸೀಮೆಯನ್ನು ಬರಿದು ಮಾಡಿತು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಆರೂವರೆ ಲಕ್ಷದೊಳಗೆ ಇಳಿಯಿತು. ಸತ್ತವರು, ಗುಳೆ ಹೋಗಿ ಮರಳದವರು ಎಲ್ಲ ಆ ಅಂತರದಲ್ಲಿದ್ದಾರೆ.

ಅದೇ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೋಬಿ ವಾಲೇಸ್ ಹೂಪರ್ ಎಂಬ ಸೈನ್ಯಾಧಿಕಾರಿ ಫೋಟೊ ತೆಗೆದ. ಪರಿಹಾರ ಶಿಬಿರಕ್ಕೆ ಬಂದವರನ್ನು ಗುಂಪುಗುಂಪಾಗಿ ಕೂಡಿಸಿ ತೆಗೆದ ಚಿತ್ರಗಳು ಅವು. ಎಲುಬು ಎಣಿಸಬಹುದಾದ ಎದೆ, ಕುತ್ತಿಗೆ ನಿಲ್ಲದ ಕೂಸು. ಆ ಕಾಲದ ಕ್ಯಾಮೆರಾ ಕ್ಷಣದಲ್ಲಿ ಮುಗಿಯುವ ಕೆಲಸವಲ್ಲ. ಎದುರಿಗಿದ್ದವರು ಅಲುಗಾಡದೆ ಕೂರಬೇಕು. ಹಸಿದವರನ್ನು ಹಾಗೆ ಜೋಡಿಸಿ ಕೂಡಿಸಿದ್ದಕ್ಕೆ ಆತನನ್ನು ಆಗಲೇ ಟೀಕಿಸಿದವರಿದ್ದರು. ಆ ಚಿತ್ರಗಳು ಇಂಗ್ಲೆಂಡಿನ ಜನರ ಮನ ಕಲಕಿದ್ದೂ ನಿಜ. ನನ್ನನ್ನು ಕಾಡುವ ಸಂಗತಿ ಬೇರೆ. ಆ ಗುಂಪಿನಲ್ಲಿ ಯಾರಿಗೆ ಮೂವತ್ತು, ಯಾರಿಗೆ ಎಪ್ಪತ್ತು ಎಂದು ಹೇಳಲಾಗುವುದಿಲ್ಲ. ಹಸಿವು ಎಲ್ಲರನ್ನೂ ಮುದುಕರನ್ನಾಗಿ ಮಾಡಿಬಿಟ್ಟಿದೆ. ಮುಪ್ಪು ಎಂದು ನಾವು ಕರೆಯುವುದರಲ್ಲಿ ವಯಸ್ಸಿನ ಪಾಲೆಷ್ಟು, ಕೂಳಿಲ್ಲದ ವರ್ಷಗಳ ಪಾಲೆಷ್ಟು ಎಂಬ ಪ್ರಶ್ನೆಯನ್ನು ಆ ಚಿತ್ರಗಳಷ್ಟು ನೇರವಾಗಿ ಇನ್ನಾವುದೂ ನನಗೆ ಕೇಳಿಲ್ಲ.

ಆ ಬರದ ಬಳಿಕ ಸರಕಾರ ಬರಗಾಲದ ಸಂಹಿತೆಗಳನ್ನು ಬರೆಯಿತು. ಅವುಗಳ ಲೆಕ್ಕ ಸರಳ. ಮೈಯಲ್ಲಿ ಕಸುವಿದ್ದವರಿಗೆ ಕೆಲಸ: ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು, ಕೂಲಿ ಪಡೆಯಬೇಕು. ಕೆಲಸ ಮಾಡಲಾಗದವರಿಗೆ ಪುಕ್ಕಟೆ ಪರಿಹಾರ, ಇಲ್ಲವೆ ಬಡವರ ಮನೆ. ಕುರುಡರು, ಕುಂಟರು, ಬುದ್ಧಿ ಸ್ಥಿಮಿತವಿಲ್ಲದವರ ಜೊತೆ ವಯಸ್ಸಿನಿಂದ ಕೈಲಾಗದವರೂ ಒಂದೇ ಪಟ್ಟಿಯಲ್ಲಿ ಸೇರಿದರು. ಕಲ್ಲು ಒಡೆಯಲಾರದ ದಿನ ಮುಪ್ಪು ಶುರುವಾಯಿತು ಎಂಬುದು ಸರಕಾರದ ವ್ಯಾಖ್ಯೆ. ಮೊಮ್ಮಕ್ಕಳಿಗೆ ಕತೆ ಹೇಳುವ, ಬೀಜ ಆರಿಸುವ, ಸೂಲಗಿತ್ತಿಯಾಗಿ ನಿಲ್ಲುವ ಮುಪ್ಪಿಗೆ ಆ ಪಟ್ಟಿಯಲ್ಲಿ ಕಲಮು ಇರಲಿಲ್ಲ. ಅದೇ ಸಂಹಿತೆಗಳು ಪರದೆ ಬಿಟ್ಟು ಹೊರಗೆ ಬಾರದ ಮರ್ಯಾದಸ್ಥ ಮನೆತನದ ಹೆಂಗಸರಿಗೆ ಮನೆಯಲ್ಲೇ ಪರಿಹಾರ ಕೊಡಲು ಅವಕಾಶ ಮಾಡಿದ್ದವು. ಆದ್ದರಿಂದ ಹಳೆಯ ಫೋಟೊಗಳಲ್ಲಿ ನಮಗೆ ಕಾಣುವ ಬಡತನ ಬಾಗಿಲು ಮುಚ್ಚಿಕೊಳ್ಳಲು ಬಾಗಿಲೇ ಇಲ್ಲದವರದು. ಗೋಡೆಯ ಹಿಂದೆ ಹಸಿದ ಮುದುಕಿಯ ಫೋಟೊ ಯಾರೂ ತೆಗೆಯಲಿಲ್ಲ.

ಇಷ್ಟಾದರೂ ಕೆಲವರು ಹೇಳುತ್ತಾರೆ: ಇದೆಲ್ಲ ಪರದೇಶದವರು ತಂದದ್ದು, ನಮ್ಮಲ್ಲಿ ಇಂಥ ಮನೆಗಳ ಅಗತ್ಯವೇ ಇರಲಿಲ್ಲ. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವನ್ನು ಅಂಥವರು ಓದಬೇಕು. ಕಾಳಾಮುಖ ಗುರುಗಳ ಆ ಮಠದಲ್ಲಿ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುತ್ತಿತ್ತು. ನೋಡುವವರಿಲ್ಲದ ರೋಗಿಗಳಿಗೆ ಔಷಧ ಸಿಗುತ್ತಿತ್ತು. ಜೈನ, ಬೌದ್ಧ ಸಂನ್ಯಾಸಿಗಳಿಗೂ ಅಲ್ಲಿ ಎಲೆ ಹಾಕುತ್ತಿದ್ದರು. ಅಂದರೆ 850 ವರ್ಷಗಳ ಹಿಂದೆಯೂ ಕರ್ನಾಟಕದಲ್ಲಿ ಮನೆ ನೋಡಿಕೊಳ್ಳದ ಜನ ಇದ್ದರು, ಅವರಿಗಾಗಿ ಒಂದು ಜಾಗ ಬೇಕಾಗಿತ್ತು. ಅದನ್ನು ಕಟ್ಟಿದವರು ನಾಚಿಕೆಪಡದೆ ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದರು.

ದಾಸೋಹವನ್ನು ಹೊಗಳುವಾಗ ಅದರ ಮಿತಿಯನ್ನೂ ಹೇಳಬೇಕು. ಯಾರು ಯಾವ ಪಂಕ್ತಿಯಲ್ಲಿ ಕೂಡಬೇಕೆಂಬ ಜಾತಿಯ ಗೆರೆ ಬಹಳ ಕಡೆ ಬಹಳ ಕಾಲ ಇತ್ತು. ಇನ್ನೊಂದು ಮಿತಿ ಮೈಗೆ ಸಂಬಂಧಿಸಿದ್ದು. ದಾಸೋಹಕ್ಕೆ ನಡೆದು ಬರಬಲ್ಲ ಮುದುಕನಿಗೆ ಅನ್ನವಿದೆ. ಹಾಸಿಗೆ ಹಿಡಿದವನ ಬಟ್ಟೆ ಬದಲಿಸುವವರು, ರಾತ್ರಿ ಎರಡಕ್ಕೆ ನೀರು ಕುಡಿಸುವವರು ಬೇರೆಯೇ ಬೇಕು. ಆ ಕೆಲಸವನ್ನು ನಮ್ಮ ಮನೆಗಳಲ್ಲಿ ಸೊಸೆಯಂದಿರು ಮಾಡಿದರು. ಮುತ್ಯಾ ಕುರ್ಚಿಯಲ್ಲಿ ಕೂತ ಆ ಗ್ರೂಪ್ ಫೋಟೊದಲ್ಲಿ ಸೊಸೆಯಂದಿರು ಇಲ್ಲ. ಅವರು ಅಂದು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೆಂದು ಅವ್ವ ಹೇಳಿದ ನೆನಪು.

ಮನೆಯೊಳಗಿನ ಅನ್ನವೂ ಯಾವಾಗಲೂ ಮರ್ಯಾದೆಯ ಅನ್ನವಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ರನ್ನ ಇದೇ ಮುಧೋಳದವನು. ನೂರು ಮಕ್ಕಳ ತಂದೆ-ತಾಯಿ ಧೃತರಾಷ್ಟ್ರ-ಗಾಂಧಾರಿ ಉಳಿದೊಬ್ಬ ಮಗನನ್ನು ಹುಡುಕಿಕೊಂಡು ರಣರಂಗಕ್ಕೆ ಬರುವುದನ್ನು ಅವನು ಗದಾಯುದ್ಧದಲ್ಲಿ ಚಿತ್ರಿಸಿದ್ದಾನೆ. ಮುಂದಿನ ಕತೆ ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿದೆ. ಯುದ್ಧ ಮುಗಿದ ಮೇಲೆ ಆ ಮುದುಕ ದಂಪತಿ ಹದಿನೈದು ವರ್ಷ ಪಾಂಡವರ ಮನೆಯಲ್ಲೇ ಉಂಡರು. ಧರ್ಮರಾಯ ಏನೂ ಕಡಿಮೆ ಮಾಡಲಿಲ್ಲ. ಆದರೆ ಭೀಮ ಅವರಿಗೆ ಕೇಳುವಂತೆ ತೋಳು ತಟ್ಟಿ, ಈ ತೋಳೇ ನಿಮ್ಮ ಮಕ್ಕಳನ್ನು ಕೊಂದದ್ದು ಎಂಬ ಮಾತು ಆಡುತ್ತಿದ್ದ. ಕೊನೆಗೆ ಅವರು ಕಾಡಿನ ಆಶ್ರಮಕ್ಕೆ ಹೊರಟರು. ಅರಮನೆ ಬಿಟ್ಟು ಆಶ್ರಮ ಆರಿಸಿಕೊಂಡದ್ದಕ್ಕೆ ಯಾರೂ ಅವರನ್ನು ಅನಾಥರೆಂದು ಕರೆಯಲಿಲ್ಲ. ಇಂದು ಹಂಗಿನ ಅನ್ನ ಬೇಡವೆಂದು ಮನೆ ಬಿಟ್ಟು ಬರುವ ಒಬ್ಬ ಅಜ್ಜಿಗೆ ನಾವು ಆ ಗೌರವ ಕೊಡುತ್ತೇವೆಯೇ? ಅವಳನ್ನು ಕಂಡ ಕೂಡಲೇ ಅಯ್ಯೋ ಪಾಪ ಎನ್ನುತ್ತೇವೆ, ಮಗನಿಗೆ ಶಾಪ ಹಾಕುತ್ತೇವೆ.

ಮುತ್ಯಾನಿಗೆ ಕುರ್ಚಿ ಸಿಕ್ಕಿದ್ದು ಏಕೆ ಎಂಬುದನ್ನೂ ಕೇಳಿಕೊಳ್ಳಬೇಕು. ಮಗ್ಗ ಅವನದಾಗಿತ್ತು, ಮನೆ ಅವನ ಹೆಸರಿನಲ್ಲಿತ್ತು. ಆಯಿಗೆ ಮಗ್ಗದ ಬದಿಯಲ್ಲೇ ಕೆಲಸವಿತ್ತು. ನೇಕಾರರ ಮನೆಯಲ್ಲಿ ಕಂಡಿಕಿ ಸುತ್ತುವುದು ಮುದುಕಿಯರ ಪಾಲಿನ ಕಾಯಕ. ಆಯಿ ಗೋಡೆಗೆ ಬೆನ್ನು ಕೊಟ್ಟು ಕೂತು, ಬಲಗೈಯಲ್ಲಿ ರಾಟಿ ತಿರುಗಿಸುತ್ತ, ಎಡಗೈಯ ಎರಡು ಬೆರಳ ನಡುವೆ ನೂಲು ಹಾಯಿಸುತ್ತಿದ್ದಳು. ನೂಲು ಹಾದು ಹಾದು ಆ ಬೆರಳಿನಲ್ಲಿ ಒಂದು ಗೆರೆಯೇ ಬಿದ್ದಿತ್ತು. ಕಣ್ಣು ಮಂಜಾದ ಮೇಲೂ ಎಳೆ ಕಡಿದದ್ದು ಬೆರಳಿಗೆ ತಿಳಿಯುತ್ತಿತ್ತು. ಕಂಡಿಕಿ ತುಂಬದಿದ್ದರೆ ಲಾಳಿ ಓಡದು, ಲಾಳಿ ಓಡದಿದ್ದರೆ ಮನೆಯ ದುಡಿಮೆ ನಿಂತಿತು. ಎಂಬತ್ತರ ಹತ್ತಿರ ಬಂದ ಹೆಣ್ಣುಮಗಳ ಮುಂದೆ ಮಗ ಕೈಚಾಚಿ, "ಯವ್ವಾ, ಕಂಡಿಕಿ ಕೊಡು" ಎಂದು ಕೇಳಬೇಕಾಗಿತ್ತು. ಅವಳ ಮಾತಿಗೆ ಮನೆಯಲ್ಲಿ ತೂಕ ಬಂದದ್ದು ಹಾಗೆ.

ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ಬಂದ ಮೇಲೆ ಕಂಡಿಕಿ ಸುತ್ತಲು ಯಂತ್ರ ಬಂತು. ಯಂತ್ರ ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕುಣಿಮಗ್ಗ ನೇಕಾರರ ಮೊಣಕಾಲು ತಿಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಮುದುಕಿಯ ಕೈಯ ಕೆಲಸ ಹೋದಾಗ ಅದರ ಬದಲು ಏನು ಕೊಟ್ಟೆವು? ಏನೂ ಇಲ್ಲ. ಮಜೂರಿಗೆ ನೇಯುವವನು ಅರವತ್ತು ದಾಟಿ ಮಗ್ಗ ಬಿಟ್ಟಾಗ ಮಾಲೀಕನ ಬಳಿ ಅವನ ಹೆಸರಿನ ಪಿಂಚಣಿ ಇರುವುದಿಲ್ಲ. ಮುಧೋಳ-ಜಮಖಂಡಿಯ ಕಬ್ಬಿನ ಹೊಲದ ರೈತನ ಸ್ಥಿತಿ ತುಸು ಬೇರೆ. ಉತಾರದಲ್ಲಿ ಹೆಸರು ಇರುವತನಕ ಅವನು ಯಜಮಾನ. ವಾಟ್ನಿ ಆಗಿ ಹೆಸರು ಇಳಿದ ಮರುದಿನದಿಂದ ಅವನ ತಾಟು ಯಾವ ಮಗನ ಮನೆಯಲ್ಲಿ ಎಂಬ ಚರ್ಚೆ ಶುರುವಾಗುತ್ತದೆ. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಊರನ್ನೇ ನುಂಗಿದಾಗ ಉತಾರವೂ ಕಟ್ಟೆಯೂ ಒಟ್ಟಿಗೆ ಹೋದವು. ಪರಿಹಾರದ ಹಣವನ್ನು ಪಾಲು ಮಾಡುವುದು ಸುಲಭ, ಹೊಲದಂತೆ ಅದು ಮುದುಕನನ್ನು ಹಿಡಿದು ನಿಲ್ಲಿಸುವುದಿಲ್ಲ.

ಇಂಗ್ಲೆಂಡಿನ ಆ ಊಟದ ಮನೆಯ ಸಾಲುಗಳು ಖಾಲಿಯಾಗತೊಡಗಿದ್ದು ಮಕ್ಕಳಿಗೆ ಬುದ್ಧಿ ಬಂದದ್ದರಿಂದಲ್ಲ. ಚಾರ್ಲ್ಸ್ ಬೂತ್ ಎಂಬಾತ ಲಂಡನ್ನಿನ ಬಡತನವನ್ನು ಓಣಿ ಓಣಿ ಸುತ್ತಿ ಲೆಕ್ಕ ಹಾಕಿದ. 1894ರಲ್ಲಿ ಬಡ ಮುದುಕರ ಮೇಲೆಯೇ ಒಂದು ಪುಸ್ತಕ ಬರೆದ. ಜನ ಮುಪ್ಪಿನಲ್ಲಿ ನಿರ್ಗತಿಕರಾಗುವುದಕ್ಕೆ ಕುಡಿತ, ಸೋಮಾರಿತನಗಳಿಗಿಂತ ಮುಪ್ಪೇ ದೊಡ್ಡ ಕಾರಣ ಎಂದು ತೋರಿಸಿ, ಪಿಂಚಣಿ ಬೇಕೆಂದು ವಾದಿಸಿದ. 1909ರ ಜನವರಿ 1ರಂದು ಎಪ್ಪತ್ತು ದಾಟಿದ ಬಡವರು ಅಂಚೆ ಕಚೇರಿಗೆ ಹೋಗಿ ವಾರಕ್ಕೆ ಐದು ಶಿಲ್ಲಿಂಗ್ ಎಣಿಸಿಕೊಂಡರು. ಅದು ದೊಡ್ಡ ಮೊತ್ತವೇನಲ್ಲ. ಆದರೆ ಐದು ಶಿಲ್ಲಿಂಗ್ ತರುವ ಅಜ್ಜಿಗೆ ಮಗಳ ಮನೆಯ ಮೂಲೆಯಲ್ಲಿ ಜಾಗ ಸಿಕ್ಕಿತು. ಪ್ರೀತಿ ಮೊದಲೂ ಇತ್ತು. ಅದಕ್ಕೆ ಅಡಿಗೆಯ ಖರ್ಚು ಹೊರುವ ಶಕ್ತಿ ಬಂದದ್ದು ಆಮೇಲೆ.

ನಮ್ಮ ರಾಜ್ಯದಲ್ಲಿ 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1200 ರೂಪಾಯಿ ಬರುತ್ತದೆ. ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ 80ರೊಳಗಿನವರಿಗೆ ಕೇಂದ್ರ ಕೊಡುವ ಪಾಲು 200 ರೂಪಾಯಿ. ಅದು 2007ರಲ್ಲೂ 200 ಇತ್ತು, ಈಗಲೂ ಅಷ್ಟೇ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗೆ ಹೊರಗೆ ಎಷ್ಟು ಬೀಳುತ್ತದೆ ಎಂದು ಮನೆಯಲ್ಲಿ ಹಿರಿಯರಿರುವ ಯಾರನ್ನಾದರೂ ಕೇಳಿ. ಮಕ್ಕಳ ಸಂಸ್ಕಾರದ ಬಗ್ಗೆ ಭಾಷಣ ಮಾಡುವ ನಾವು ಈ 200ರ ಬಗ್ಗೆ ಮಾತಾಡುವುದು ಬಹಳ ಕಡಿಮೆ. ನನ್ನ ಮಟ್ಟಿಗೆ ವೃದ್ಧಾಶ್ರಮದ ಫೋಟೊದಲ್ಲಿ ಕಾಣುವ ಅಪರಾಧ ಒಬ್ಬ ಮಗನದ್ದಕ್ಕಿಂತ ಹೆಚ್ಚಾಗಿ ಈ ಮೊತ್ತವನ್ನು ಸಾಕೆಂದು ಒಪ್ಪಿಕೊಂಡ ನಮ್ಮೆಲ್ಲರದು.

ತಂದೆ-ತಾಯಿಯನ್ನು ಹೊರಹಾಕುವ ಮಕ್ಕಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದ್ದಾರೆ. ಅವರಿಗಾಗಿಯೇ 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಾಯ್ದೆ ಇದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಿರಿಯರು ಜಮಖಂಡಿಯ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ಅವರು ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಲ್ಲರು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಾಗ 23ನೇ ಕಲಮಿನಡಿ ಮರಳಿ ಪಡೆಯಬಹುದು. ಅಂಥ ಷರತ್ತು ಇತ್ತೆಂಬುದನ್ನು ಸಾಬೀತು ಮಾಡಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಅದೇ ಕೋರ್ಟು ಈ ಕಾನೂನನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಆ ಷರತ್ತಿನ ಒಂದು ಸಾಲು ಬರೆಸಿ ಎಂದು ಕಂಡ ಹಿರಿಯರಿಗೆಲ್ಲ ನಾನು ಹೇಳುತ್ತೇನೆ. ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ಜನ ಇರಬಹುದಾದ ವೃದ್ಧಾಶ್ರಮವನ್ನು ಸರಕಾರ ಹಂತಹಂತವಾಗಿ ಸ್ಥಾಪಿಸಬಹುದೆಂದೂ ಆ ಕಾಯ್ದೆಯ 19ನೇ ಕಲಮಿನಲ್ಲಿದೆ. ಅಂಥ ಮನೆ ಊರಿಗೆ ಅವಮಾನ ಎಂದುಕೊಳ್ಳುವವರು ಕೋಡಿಯಮಠದ ಶಾಸನವನ್ನು ಇನ್ನೊಮ್ಮೆ ನೆನೆಯಲಿ.

ಇಷ್ಟು ಹೇಳಿದ ಮೇಲೆ ನನ್ನ ಫೋನಿನಲ್ಲಿರುವ ಆ ಮುದುಕಿಯ ಬಳಿಗೆ ಮರಳುತ್ತೇನೆ. ಹುಟ್ಟುಹಬ್ಬಕ್ಕೋ ಪುಣ್ಯತಿಥಿಗೋ ಆಶ್ರಮಕ್ಕೆ ಹಣ್ಣು, ಕಂಬಳಿ ಒಯ್ಯುವವರು ದಯವಿಟ್ಟು ಒಯ್ಯಿರಿ, ಅದು ಬೇಕಾಗಿದೆ. ಕೊಡುವ ಕೈಯ ಫೋಟೊ ಮಾತ್ರ ಬೇಡ. ಕೊಟ್ಟ ಮೇಲೆ ಎದುರಿಗೆ ಕೂಡಿ. ಊರು ಯಾವುದು, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿ. ಅವರು ಒಪ್ಪಿದರೆ ಅವರೊಬ್ಬರದೇ ಫೋಟೊ ತೆಗೆಯಿರಿ, ಕೆಳಗೆ ಅವರ ಹೆಸರು ಬರೆಯಿರಿ, ಒಂದು ಪ್ರತಿ ಅವರ ಕೈಗೂ ಕೊಡಿ. ಹೂಪರನ ಕ್ಯಾಮೆರಾ ಮುಂದೆ ಕೂತವರ ಹೆಸರನ್ನು ಇನ್ನು ಯಾರಿಂದಲೂ ತರಲಾಗದು. ಮೇರಿಲ್‌ಬೋನಿನ ಆ ಸಾಲು ಸಾಲು ಗಂಡಸರದೂ ಹಾಗೆಯೇ. ಬದುಕಿರುವವರನ್ನು ಕೇಳಲು ನಮಗೆ ಇನ್ನೂ ಸಮಯವಿದೆ.

ಕಳೆದ ದೀಪಾವಳಿಗೆ ಪಡಸಾಲೆಯ ಫೋಟೊವನ್ನು ಇಳಿಸಿ ಒರೆಸಿದೆ. ಹಿಂದಿನ ರಟ್ಟಿನ ಮೇಲೆ ಅದರಲ್ಲಿ ಕೂತವರ ಹೆಸರುಗಳನ್ನೆಲ್ಲ ಬರೆದೆ. ಫೋಟೊದಲ್ಲಿ ಇಲ್ಲದ ಸೊಸೆಯಂದಿರ ಹೆಸರನ್ನೂ ಸೇರಿಸಿದೆ. ಮುತ್ಯಾನ ಹೆಸರಿನ ಮುಂದೆ ನೇಕಾರ ಎಂದು ಬರೆದೆ. ಆಯಿಯ ಹೆಸರು ಏನೆಂದು ನನ್ನ ಮಕ್ಕಳಿಗೆ ಗೊತ್ತಿರಲಿಲ್ಲ. ಅದರ ಮುಂದೆ, ಕೊನೆಯ ವರ್ಷದವರೆಗೂ ಕಂಡಿಕಿ ಸುತ್ತಿದಳು ಎಂದು ಬರೆದಿದ್ದೇನೆ.